ಮರ್ಲಿನ್ ಎಂಜಿನ್ನಿನ ಗಂಟಲಿಗೆ ಒಂದು ಹಿತ್ತಾಳೆ ಬಿಲ್ಲೆ

1941ರ ಮೊದಲ ತಿಂಗಳುಗಳಲ್ಲಿ ಇಂಗ್ಲೆಂಡಿನ ಯುದ್ಧವಿಮಾನ ನೆಲೆಗಳನ್ನು ಒಂದು ಚಿಕ್ಕ ತಂಡ ಸುತ್ತುತ್ತಿತ್ತು. ಅದರ ಮುಂದಾಳು ಮೂವತ್ತು ದಾಟಿದ ಒಬ್ಬ ಹೆಂಗಸು; ನೆಲೆಯಿಂದ ನೆಲೆಗೆ ಆಕೆಯ ಓಡಾಟ ಮೋಟಾರ್‌ಸೈಕಲ್ ಮೇಲೆ. ತಂಡ ಹೊತ್ತು ತರುತ್ತಿದ್ದದ್ದು ಹಿತ್ತಾಳೆಯ ಒಂದು ಬಿಡಿಭಾಗ. ದರ್ಜಿಗಳು ಬೆರಳಿಗೆ ಸಿಕ್ಕಿಸಿಕೊಳ್ಳುವ ಟೋಪಿಯಷ್ಟೇ ಪುಟ್ಟದು, ನಡುವೆ ಒಂದು ತೂತು. ಆಮೇಲಾಮೇಲೆ ಆ ಟೋಪಿಯೂ ಹೋಗಿ ಬರೀ ಚಪ್ಪಟೆ ಬಿಲ್ಲೆ ಉಳಿಯಿತು. ಇದನ್ನು ಕೂರಿಸಲು ವಿಮಾನವನ್ನು ಕಾರ್ಖಾನೆಗೆ ಕಳಿಸಬೇಕಿರಲಿಲ್ಲ, ಎಂಜಿನ್ ಇಳಿಸಬೇಕಿರಲಿಲ್ಲ. ಕಾರ್ಬುರೇಟರಿಗೆ ಬರುವ ಪೆಟ್ರೋಲ್ ಕೊಳವೆಯನ್ನು ಬಿಚ್ಚಿ, ಬಿಲ್ಲೆಯನ್ನು ಒಳಗಿಟ್ಟು, ಮತ್ತೆ ಬಿಗಿದರೆ ಆಯಿತು.

ಆ ಹೆಂಗಸು ಬೀಟ್ರಿಸ್ ಶಿಲ್ಲಿಂಗ್. ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿನಲ್ಲಿ (ಆರ್‌ಎಇ) ಎಂಜಿನಿಯರ್, ಕಾರ್ಬುರೇಟರ್ ವಿಭಾಗ.

ಬ್ರಿಟನ್ನಿನ ಸ್ಪಿಟ್‌ಫೈರ್, ಹರಿಕೇನ್ ಎರಡೂ ಯುದ್ಧವಿಮಾನಗಳಲ್ಲಿದ್ದದ್ದು ರೋಲ್ಸ್‌ರಾಯ್ಸ್ ಕಂಪನಿಯ ಮರ್ಲಿನ್ ಎಂಜಿನ್. 12 ಸಿಲಿಂಡರ್, 27 ಲೀಟರ್, ಸಾವಿರ ಅಶ್ವಶಕ್ತಿಗೂ ಮೀರಿದ ಬಲ. ಇಷ್ಟು ಬಲಿಷ್ಠ ಎಂಜಿನ್ನಿಗೆ ಒಂದು ಕೆಟ್ಟ ಚಾಳಿಯಿತ್ತು. ಹಾರುತ್ತಿರುವಾಗ ಪೈಲಟ್ ಕೈಗೋಲನ್ನು ಥಟ್ಟನೆ ಮುಂದಕ್ಕೆ ತಳ್ಳಿ ಮೂತಿ ಕೆಳಗೆ ಮಾಡಿದರೆ ಎಂಜಿನ್ ಕೆಮ್ಮುತ್ತಿತ್ತು; ಹಾಗೇ ಮುಂದುವರಿದರೆ ಕಪ್ಪು ಹೊಗೆ ಕಾರಿ ಸೊರಗಿಬಿಡುತ್ತಿತ್ತು. ಜರ್ಮನಿಯ ಮೆಸರ್‌ಸ್ಮಿಟ್ 109ಕ್ಕೆ ಈ ಕಾಯಿಲೆ ಇರಲಿಲ್ಲ. ಅದರ ಡೈಮ್ಲರ್ ಬೆಂಜ್ ಎಂಜಿನ್ನಿನಲ್ಲಿ ಪೆಟ್ರೋಲನ್ನು ಪಂಪು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುತ್ತಿತ್ತು. ಹಿಂದೆ ಸ್ಪಿಟ್‌ಫೈರ್ ಬಿದ್ದಿದೆ ಎಂದು ಗೊತ್ತಾದ ಕೂಡಲೇ ಜರ್ಮನ್ ಪೈಲಟ್ ಮೂತಿ ಬಗ್ಗಿಸಿ ಪಾತಾಳಕ್ಕಿಳಿದಂತೆ ಇಳಿಯುತ್ತಿದ್ದ. ಹಾಗೇ ಬೆನ್ನಟ್ಟಿದರೆ ಬ್ರಿಟಿಷ್ ಪೈಲಟ್ಟಿನ ಎಂಜಿನ್ ಕೈಕೊಡುತ್ತಿತ್ತು. ಅದಕ್ಕೇ ಅವನು ಮೊದಲು ವಿಮಾನವನ್ನು ಅರ್ಧ ಉರುಳಿಸಿ ಬೆನ್ನು ಕೆಳಗೆ ಮಾಡಿಕೊಂಡು, ಆಮೇಲೆ ಧುಮುಕುವುದನ್ನು ಕಲಿತ. ಅಷ್ಟರಲ್ಲಿ ಬೇಟೆ ದೂರ ಹೋಗಿರುತ್ತಿತ್ತು.

ಕಾಯಿಲೆಯ ಮೂಲ ಕಾರ್ಬುರೇಟರಿನ ಫ್ಲೋಟ್ ಬಟ್ಟಲಿನಲ್ಲಿತ್ತು. ಬಟ್ಟಲಿನಲ್ಲಿ ಪೆಟ್ರೋಲ್ ತುಂಬುತ್ತಿದ್ದಂತೆ ಅದರ ಮೇಲೆ ತೇಲುವ ಫ್ಲೋಟ್ ಏಳುತ್ತದೆ, ಎದ್ದು ಸೂಜಿಯ ಮೂಲಕ ಒಳಬರುವ ದಾರಿಯನ್ನು ಮುಚ್ಚುತ್ತದೆ. ಮಟ್ಟ ಇಳಿದರೆ ಫ್ಲೋಟೂ ಇಳಿಯುತ್ತದೆ, ದಾರಿ ತೆರೆಯುತ್ತದೆ. ಎಂಜಿನ್ನಿಗೆ ಹೋಗುವ ಜೆಟ್ ಇರುವುದು ಬಟ್ಟಲಿನ ತಳದಲ್ಲಿ. ಹಳೆಯ ಜಾವಾ, ಯೆಜ್ಡಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಳಿಯ ಬೆಳಗ್ಗೆ ಕಾರ್ಬುರೇಟರಿನ ಪುಟ್ಟ ಗುಂಡಿಯೊತ್ತಿ, ಪೆಟ್ರೋಲ್ ಜಿನುಗುವವರೆಗೆ ಹಿಡಿದು, ಆಮೇಲೆ ಕಿಕ್ ಹೊಡೆಯುತ್ತಿದ್ದೆವಲ್ಲ, ಆ ಗುಂಡಿ ಮಾಡುತ್ತಿದ್ದದ್ದು ಫ್ಲೋಟನ್ನು ಬಲವಂತವಾಗಿ ಕೆಳಗೆ ಅದುಮುವ ಕೆಲಸ. ತಣ್ಣಗಿನ ಎಂಜಿನ್ ಚಾಲೂ ಆಗಲು ಹೆಚ್ಚು ಪೆಟ್ರೋಲ್ ಬೇಕು. ಆದರೆ ಒತ್ತಿದ್ದು ಅತಿಯಾದರೆ ಪ್ಲಗ್ ಒದ್ದೆಯಾಗಿ ಬೈಕು ಮೊಂಡು ಹಿಡಿಯುತ್ತಿತ್ತು.

ಮೂತಿ ಥಟ್ಟನೆ ಬಗ್ಗಿದಾಗ ಮರ್ಲಿನ್ನಿಗೆ ಆಗುತ್ತಿದ್ದದ್ದೂ ಇದೇ, ಆದರೆ ಎರಡು ಹಂತದಲ್ಲಿ. ವಿಮಾನ ಕೆಳಮುಖವಾಗಿ ಬಾಗುವ ವೇಗ ಸಾಕಷ್ಟಿದ್ದರೆ ಒಳಗಿರುವ ವಸ್ತುಗಳೆಲ್ಲ ಚಾವಣಿಯತ್ತ ಚಿಮ್ಮುತ್ತವೆ. ಇದನ್ನು ಪೈಲಟ್ಟುಗಳು ನೆಗೆಟಿವ್ ಜಿ ಎನ್ನುತ್ತಾರೆ. ಬಟ್ಟಲಿನ ಪೆಟ್ರೋಲೂ ಮೇಲಕ್ಕೆ ಹಾರುತ್ತದೆ, ತಳದ ಜೆಟ್ಟಿಗೆ ಪೆಟ್ರೋಲ್ ಸಿಗದೆ ಎಂಜಿನ್ ಕ್ಷಣಕಾಲ ಹಸಿಯುತ್ತದೆ. ಕೆಮ್ಮು ಅದರದ್ದು. ನಿಜವಾದ ಅನಾಹುತ ಆಮೇಲಿನದು. ಪೆಟ್ರೋಲ್ ಮೇಲೆ ಹೋಯಿತೆಂದರೆ ಫ್ಲೋಟಿನ ಪಾಲಿಗೆ ಮೇಲು ಕೆಳಗಾದಂತೆ. ಅದು ಬಟ್ಟಲಿನ ತಳದ ಕಡೆಗೆ ಸರಿಯುತ್ತದೆ, ಸೂಜಿ ಬಾಯಿ ಪೂರ್ತಿ ತೆರೆಯುತ್ತದೆ. ಹಿಂದಿನಿಂದ ತಳ್ಳುವ ಪಂಪುಗಳೋ, ಎಂಜಿನ್ನಿಗೆ ಎಂದೂ ಬೇಕಾಗದಷ್ಟು ಪೆಟ್ರೋಲ್ ಎತ್ತಬಲ್ಲವು. ಬಟ್ಟಲು ತುಂಬಿ ಉಕ್ಕುತ್ತದೆ, ಮಿಶ್ರಣದಲ್ಲಿ ಗಾಳಿಗಿಂತ ಪೆಟ್ರೋಲೇ ಜಾಸ್ತಿಯಾಗಿ ಉರಿಯದ ಸ್ಥಿತಿಗೆ ಬರುತ್ತದೆ. ಕಪ್ಪು ಹೊಗೆ ಅದರ ಗುರುತು.

ಹಾಗಾದರೆ ಜರ್ಮನ್ನರಂತೆ ನೇರವಾಗಿ ಚಿಮ್ಮಿಸುವ ಪಂಪು ಹಾಕಬಹುದಿತ್ತಲ್ಲ ಎಂಬ ಪ್ರಶ್ನೆ ಯಾರಿಗಾದರೂ ಬರುತ್ತದೆ. ರೋಲ್ಸ್‌ರಾಯ್ಸಿನವರು ಕಾರ್ಬುರೇಟರನ್ನು ಉಳಿಸಿಕೊಂಡದ್ದು ತಿಳಿಯದೆ ಅಲ್ಲ. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ. ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸೂಪರ್‌ಚಾರ್ಜರಿಗೆ ಹೋಗುವ ಗಾಳಿ ತಂಪಾಗುತ್ತದೆ. ತಂಪಾದ ಗಾಳಿ ಹೆಚ್ಚು ಸಾಂದ್ರ, ಹಾಗಾಗಿ ಅದೇ ಎಂಜಿನ್ನಿನಿಂದ ಹೆಚ್ಚು ಬಲ. ಈ ಲಾಭವನ್ನು ಕೈಬಿಡಲು ಅವರಿಗೆ ಮನಸ್ಸಿರಲಿಲ್ಲ. ಮನಸ್ಸಿದ್ದರೂ ಯುದ್ಧದ ನಡುವೆ ಸಾವಿರಾರು ಎಂಜಿನ್ನುಗಳ ವಿನ್ಯಾಸ ಬದಲಿಸಲು ಪುರುಸೊತ್ತೆಲ್ಲಿ?

ಬೀಟ್ರಿಸ್ ಹಿಡಿದ ಎಳೆ ಸರಳ. ಫ್ಲೋಟು ಏನಾದರೂ ಮಾಡಿಕೊಳ್ಳಲಿ, ಸೂಜಿ ಬಾಯಿ ಬಿಟ್ಟುಕೊಂಡೇ ಇರಲಿ. ಪೂರ್ಣ ಬಲದಲ್ಲಿ ಓಡುವ ಎಂಜಿನ್ ಎಷ್ಟು ಪೆಟ್ರೋಲ್ ಕುಡಿಯುತ್ತದೋ ಅದಕ್ಕಿಂತ ಹೆಚ್ಚು ಬಟ್ಟಲಿಗೆ ಬಾರದಂತೆ ಕೊಳವೆಯಲ್ಲೇ ತಡೆದರೆ? ಉಕ್ಕಲು ಪೆಟ್ರೋಲೇ ಇರುವುದಿಲ್ಲ. ಕೇಳಲು ಸುಲಭ. ತೂತು ಒಂದಿಷ್ಟು ಕಿರಿದಾದರೆ ಯುದ್ಧದ ನಟ್ಟನಡುವೆ ಎಂಜಿನ್ ಉಪವಾಸ ಬೀಳುತ್ತದೆ, ಒಂದಿಷ್ಟು ಹಿರಿದಾದರೆ ಹಳೆಯ ರೋಗ ಮರಳುತ್ತದೆ. ಸೂಪರ್‌ಚಾರ್ಜರಿನ ಗರಿಷ್ಠ ಒತ್ತಡ ಚದರ ಇಂಚಿಗೆ 12 ಪೌಂಡ್ ಇರುವ ಎಂಜಿನ್ನುಗಳಿಗೆ ಒಂದು ಅಳತೆ, 15 ಪೌಂಡಿನವಕ್ಕೆ ಇನ್ನೊಂದು. ಜಾಣತನವೆಲ್ಲ ಆ ತೂತಿನ ಅಳತೆಯಲ್ಲಿತ್ತು, ಹಿತ್ತಾಳೆಯಲ್ಲಲ್ಲ.

ಅಂಥ ಅಳತೆ ಸಿಕ್ಕಿದ್ದು ಒಂದು ಹೊಳಹಿನಿಂದಲ್ಲ, ಅದರ ಹಿಂದೆ ಹತ್ತಾರು ವರ್ಷಗಳ ಕೈಕೆಲಸವಿತ್ತು. 1909ರ ಮಾರ್ಚ್ 8ರಂದು ಹ್ಯಾಂಪ್‌ಶೈರಿನ ವಾಟರ್‌ಲೂವಿಲ್‌ನಲ್ಲಿ ಮಾಂಸದಂಗಡಿಯವನ ಮಗಳಾಗಿ ಹುಟ್ಟಿದ ಹುಡುಗಿ ಹದಿನಾಲ್ಕಕ್ಕೇ ಮೋಟಾರ್‌ಸೈಕಲ್ ಕೊಂಡಳು. ಶಾಲೆ ಮುಗಿದ ಮೇಲೆ ಸೇರಿದ್ದು ಮಾರ್ಗರೆಟ್ ಪಾರ್ಟ್‌ರಿಜ್ ಎಂಬಾಕೆಯ ವಿದ್ಯುತ್ ಕಂಪನಿಗೆ. ಅಲ್ಲಿ ತಂತಿ ಎಳೆಯುವುದು, ಜನರೇಟರ್ ಕೂರಿಸುವುದು. ಕಾಲೇಜಿಗೆ ಹೋಗೆಂದು ಹಟ ಹಿಡಿದು ಹೊರಡಿಸಿದವರೂ ಈ ಪಾರ್ಟ್‌ರಿಜ್ ಅವರೇ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ 1932ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ, ಮರುವರ್ಷ ಮೆಕ್ಯಾನಿಕಲ್‌ನಲ್ಲಿ ಸ್ನಾತಕೋತ್ತರ ಪದವಿ. ಆಮೇಲೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಸಹಾಯಕಿ. ವಿಷಯ ಸೂಪರ್‌ಚಾರ್ಜ್ ಮಾಡಿದ ಒಂಟಿ ಸಿಲಿಂಡರ್ ಎಂಜಿನ್ನುಗಳ ವರ್ತನೆ. ಮರ್ಲಿನ್ನಿನ ಹೊಟ್ಟೆಯೊಳಗೆ ಏನು ನಡೆಯುತ್ತದೆಂದು ಊಹಿಸಲು ಇದಕ್ಕಿಂತ ಒಳ್ಳೆಯ ತಾಲೀಮು ಬೇಕೆ?

ತಾಲೀಮಿನ ಇನ್ನೊಂದು ಅಂಗಳ ಬ್ರೂಕ್‌ಲ್ಯಾಂಡ್ಸ್. ಸರ್ರೆಯ ಈ ಕಾಂಕ್ರೀಟ್ ಪಥದ ತಿರುವುಗಳು ಗೋಡೆಯಂತೆ ಓರೆಯಾಗಿ ಎದ್ದಿದ್ದವು, ಮೇಲ್ಮೈ ಉಬ್ಬುತಗ್ಗು. ಅಲ್ಲಿ ಪಂದ್ಯದ ಒಂದು ಸುತ್ತನ್ನು ಗಂಟೆಗೆ 100 ಮೈಲಿ ಸರಾಸರಿಯಲ್ಲಿ ಮುಗಿಸಿದ ಬೈಕ್ ಸವಾರರಿಗೆ ಗೋಲ್ಡ್ ಸ್ಟಾರ್ ಎಂಬ ಪುಟ್ಟ ಬ್ಯಾಡ್ಜ್. ಅದನ್ನು ಪಡೆದ ಹೆಂಗಸರು ಒಟ್ಟು ಮೂವರು. 1934ರಲ್ಲಿ 500 ಸಿಸಿ ನಾರ್ಟನ್ ಮೇಲೆ ಬೀಟ್ರಿಸ್ ಸುತ್ತು ಮುಗಿಸಿದ್ದು 106 ಮೈಲಿ ವೇಗದಲ್ಲಿ, ನಮ್ಮ ಲೆಕ್ಕದಲ್ಲಿ ಗಂಟೆಗೆ 170 ಕಿಲೋಮೀಟರ್. ಆ ಎಂಜಿನ್ನನ್ನು ಬಿಚ್ಚಿ ಜೋಡಿಸಿ ಶ್ರುತಿ ಮಾಡುತ್ತಿದ್ದವರೂ ಆಕೆಯೇ. 1938ರಲ್ಲಿ ಫಾರ್ನ್‌ಬರೋದ ಸಹೋದ್ಯೋಗಿ, ಗಣಿತಜ್ಞ ಜಾರ್ಜ್ ನೇಲರ್ ಅವರನ್ನು ಮದುವೆಯಾದರು. ಜಾರ್ಜ್ ಕೂಡ ಗೋಲ್ಡ್ ಸ್ಟಾರ್ ಗೆಲ್ಲುವವರೆಗೆ ಆಕೆ ತಾಳಿಗೆ ಕೊರಳೊಡ್ಡಲಿಲ್ಲ ಎಂಬ ಕಥೆ ಇದೆ. ನಿಜವೋ ಅಲ್ಲವೋ ಗೊತ್ತಿಲ್ಲ.

ಫಾರ್ನ್‌ಬರೋಗೆ 1936ರಲ್ಲಿ ಸೇರಿದಾಗ ಸಿಕ್ಕ ಕೆಲಸ ತಾಂತ್ರಿಕ ಬರಹಗಾರ್ತಿಯದು: ಎಂಜಿನ್ನುಗಳ ಕೈಪಿಡಿ ಬರೆಯುವುದು. ಎರಡು ಪದವಿ, ಸಂಶೋಧನೆಯ ಅನುಭವ, ಪಂದ್ಯದ ಎಂಜಿನ್ ಪಳಗಿಸಿದ ಕೈ ಇದ್ದವರಿಗೆ ಮೇಜು, ಕಾಗದ! ಅದನ್ನು ಬಿಟ್ಟು ಎಂಜಿನ್ ವಿಭಾಗ ಸೇರಲು ಆಕೆ ಹೆಚ್ಚು ಕಾಲ ತೆಗೆದುಕೊಳ್ಳಲಿಲ್ಲ.

ಬಿಲ್ಲೆಯ ಅಧಿಕೃತ ಹೆಸರು 'ಆರ್‌ಎಇ ರೆಸ್ಟ್ರಿಕ್ಟರ್'. ನೆಲೆಗಳ ಪಡ್ಡೆಗಳ ಬಾಯಲ್ಲಿ ಅದು 'ಮಿಸ್ ಶಿಲ್ಲಿಂಗ್ಸ್ ಆರಿಫಿಸ್' ಆಯಿತು, ಅಂದರೆ ಮಿಸ್ ಶಿಲ್ಲಿಂಗ್ ಅವರ ತೂತು. ಪೋಲಿತನ ಎದ್ದು ಕಾಣುವ ಹೆಸರು. ಆ ಹೊತ್ತಿಗೆ ಆಕೆಗೆ ಮದುವೆಯಾಗಿ ಎರಡು ವರ್ಷ ಕಳೆದಿತ್ತು ಎಂಬುದು ಯಾರಿಗೂ ಲೆಕ್ಕಕ್ಕೆ ಬರಲಿಲ್ಲ.

ಈಗ ಬೀಟ್ರಿಸ್ ಬಗ್ಗೆ ಬರೆಯುವವರು ಹಲವರು ಈ ಬಿಲ್ಲೆಯೇ ಬ್ರಿಟನ್ ಕದನವನ್ನು ಗೆದ್ದುಕೊಟ್ಟಿತು ಎಂದುಬಿಡುತ್ತಾರೆ. ತಾರೀಖು ನೋಡಿದರೆ ಅದು ನಿಲ್ಲುವುದಿಲ್ಲ. ಆ ಕದನ ನಡೆದದ್ದು 1940ರ ಜುಲೈನಿಂದ ಅಕ್ಟೋಬರ್‌ವರೆಗೆ. ಬಿಲ್ಲೆ ನೆಲೆಗಳಿಗೆ ತಲುಪಿದ್ದು ಅದಾದ ಮೇಲೆ. ಅಷ್ಟೇ ಅಲ್ಲ, ಅದು ಪೂರ್ಣ ಚಿಕಿತ್ಸೆಯೂ ಆಗಿರಲಿಲ್ಲ. ಮೊದಲ ಕ್ಷಣದ ಕೆಮ್ಮು ಉಳಿದೇ ಇತ್ತು. ಎಂಜಿನ್ ಕಡಿಮೆ ಬಲದಲ್ಲಿ ಓಡುತ್ತಿದ್ದರೆ, ಪೂರ್ಣ ಬಲಕ್ಕೆ ಲೆಕ್ಕ ಹಾಕಿದ ತೂತು ಆಗಲೂ ಹೆಚ್ಚೇ ಪೆಟ್ರೋಲ್ ಬಿಡುತ್ತಿತ್ತು. ಹೊತ್ತುಗಟ್ಟಲೆ ತಲೆಕೆಳಗಾಗಿ ಹಾರಲು ಇದನ್ನು ನಂಬುವ ಹಾಗಿರಲಿಲ್ಲ. ಇಷ್ಟನ್ನು ಒಪ್ಪಿಕೊಂಡರೆ ಬೀಟ್ರಿಸ್ ಸಣ್ಣವರಾಗುವುದಿಲ್ಲ. ಕಾದಾಟದಲ್ಲಿ ಎಂಜಿನ್ ಓಡುವುದೇ ಪೂರ್ಣ ಬಲದಲ್ಲಿ, ಪ್ರಾಣ ಹೋಗುತ್ತಿದ್ದದ್ದು ಎರಡನೆಯ ಹಂತದಲ್ಲಿ. ಯಾವ ಅರ್ಧವನ್ನು ಮೊದಲು ಬಗೆಹರಿಸಬೇಕೆಂದು ಆಕೆಗೆ ಗೊತ್ತಿತ್ತು. ಉಳಿದ ಅರ್ಧಕ್ಕೆ ಉತ್ತರ ಬಂದದ್ದು 1943ರಲ್ಲಿ, ಬೆಂಡಿಕ್ಸ್ ಕಂಪನಿಯ ಒತ್ತಡದ ಕಾರ್ಬುರೇಟರ್ ಬಂದಾಗ. ಅದರಲ್ಲಿ ಫ್ಲೋಟ್ ಬಟ್ಟಲೇ ಇರಲಿಲ್ಲ.

ಯುದ್ಧ ಮುಗಿದ ಮೇಲೆ ಬ್ಲೂ ಸ್ಟ್ರೀಕ್ ಕ್ಷಿಪಣಿಯ ಕೆಲಸ. ಅದಕ್ಕಿಂತ ನನಗೆ ಕುತೂಹಲ ಹುಟ್ಟಿಸುವುದು ಒದ್ದೆ ರನ್‌ವೇಗಳ ಮೇಲಿನ ಸಂಶೋಧನೆ. ವೇಗ ಹೆಚ್ಚಾದಾಗ ಟೈರು ತನ್ನಡಿಯ ನೀರನ್ನು ಪಕ್ಕಕ್ಕೆ ತಳ್ಳುವಷ್ಟರಲ್ಲಿ ಮುಂದೆ ಹೋಗಿಬಿಟ್ಟಿರುತ್ತದೆ. ರಬ್ಬರಿಗೂ ನೆಲಕ್ಕೂ ನಡುವೆ ನೀರಿನ ಪದರ ಉಳಿಯುತ್ತದೆ, ಬ್ರೇಕ್ ಹಿಡಿದು ಪ್ರಯೋಜನವಿಲ್ಲ. ಜೆಟ್ ವಿಮಾನಗಳು ಹೆಚ್ಚೆಚ್ಚು ವೇಗದಲ್ಲಿ ಇಳಿಯತೊಡಗಿದ ಕಾಲದಲ್ಲಿ ಇದು ಪ್ರಯಾಣಿಕರ ಜೀವದ ಪ್ರಶ್ನೆಯಾಗಿತ್ತು. ಇದಕ್ಕೆ ಯಾರೂ ಅಡ್ಡಹೆಸರು ಇಡಲಿಲ್ಲ, ಹಾಗಾಗಿ ಕಥೆಯಲ್ಲೂ ಇದು ಹಿಂದೆ ಬಿತ್ತು.

ಬೈಕು ಬಿಟ್ಟು ಕಾರಿಗೆ ಬಂದ ಮೇಲೂ ಪಂದ್ಯದ ಹುಚ್ಚು ಬಿಡಲಿಲ್ಲ. ಗಂಡಹೆಂಡಿರಿಬ್ಬರೂ ಸೇರಿ ಕಾರುಗಳನ್ನು ಬಿಚ್ಚಿ ಕಟ್ಟುತ್ತಿದ್ದರು. ಐವತ್ತು ದಾಟಿದ ಮೇಲೂ ಆಕೆ ಆಸ್ಟಿನ್ ಹೀಲಿ ಸ್ಪ್ರೈಟ್ ಓಡಿಸಿ ಪಂದ್ಯಕ್ಕಿಳಿದರು. 1967ರಲ್ಲಿ ಅಮೆರಿಕದ ಚಾಲಕ ಡ್ಯಾನ್ ಗರ್ನಿಯ ಈಗಲ್ ರೇಸ್ ಕಾರು ಅತಿಯಾಗಿ ಬಿಸಿಯಾಗುತ್ತಿದ್ದಾಗ ಸಲಹೆಗೆ ಕರೆದದ್ದು ಇವರನ್ನೇ. 1969ರಲ್ಲಿ ಫಾರ್ನ್‌ಬರೋದಿಂದ ನಿವೃತ್ತಿ. ಸರ್ರೆ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಕೂಡ ಸಿಕ್ಕಿತು. 1990ರ ನವೆಂಬರ್ 18ರಂದು ತೀರಿಕೊಂಡಾಗ 81 ವರ್ಷ.

ಫಾರ್ನ್‌ಬರೋದಲ್ಲಿ ಆಮೇಲೆ ಒಂದು ಪಬ್ಬಿಗೆ 'ದ ಟಿಲ್ಲಿ ಶಿಲ್ಲಿಂಗ್' ಎಂದು ಹೆಸರಿಟ್ಟರು. ಟಿಲ್ಲಿ ಎನ್ನುವುದು ಸಹೋದ್ಯೋಗಿಗಳು ಆಕೆಯ ಬೆನ್ನ ಹಿಂದೆ ಮಾತ್ರ ಆಡುತ್ತಿದ್ದ ಅಡ್ಡಹೆಸರು.