ಎಂಜಿನ್ನಿನ ಎಣ್ಣೆ: ಬದಲಾಯಿಸಿದರೆ ಸಾಕೇ, ತೊಳೆಯಲೂ ಬೇಕೇ?

ಮೋಟಾರು ಕಾರಿನ ಎಣ್ಣೆಯನ್ನು ಬದಲಾಯಿಸಲೆಂದು ಎಂಜಿನ್ನಿನ ತಳದ ಬೋಲ್ಟನ್ನು ಬಿಚ್ಚಿದೊಡನೆ ಕಾಡಿಗೆಯಂತೆ ಕಪ್ಪಾದ ದ್ರವವು ಧಾರೆಯಾಗಿ ಸುರಿಯುತ್ತದೆ. ಅದನ್ನು ಕಂಡವರ ಮನಸ್ಸಿನಲ್ಲಿ ಒಂದು ಸಂದೇಹವು ಮೂಡುವುದು ಸಹಜ. ಹೊರಬಂದ ಎಣ್ಣೆಯೇ ಇಷ್ಟು ಕೊಳೆಯಾಗಿರುವಾಗ ಒಳಗೆ ಉಳಿದಿರುವ ಕೊಳೆ ಎಷ್ಟಿರಬೇಕು? ಅದರ ಮೇಲೆಯೇ ಹೊಸ ಎಣ್ಣೆಯನ್ನು ಸುರಿಯುವುದು ತೊಳೆಯದ ಪಾತ್ರೆಯಲ್ಲಿ ಹಾಲು ಕಾಯಿಸಿದಂತಲ್ಲವೇ? ಈ ಸಂದೇಹಕ್ಕೆ ಪರಿಹಾರವೆಂಬಂತೆ ‘ಎಂಜಿನ್ ಫ್ಲಶ್’ ಎಂಬ ತೊಳೆಯುವ ದ್ರವವು ಅಂಗಡಿಗಳಲ್ಲಿ ಸಣ್ಣ ಡಬ್ಬಿಗಳಲ್ಲಿ ದೊರೆಯುತ್ತದೆ. ಸೀಮೆಎಣ್ಣೆಯನ್ನೋ ಡೀಸೆಲನ್ನೋ ಸುರಿದು ಎಂಜಿನ್ನನ್ನು ತೊಳೆಯುವ ಹಳೆಯ ವಾಡಿಕೆಯೂ ಉಂಟು. ಇದು ಅಗತ್ಯವೇ? ಹಿತಕರವೇ? ಇಲ್ಲಿ ತಪ್ಪು ನಿರ್ಧಾರದ ಬೆಲೆ ಕೆಲವು ನೂರು ರೂಪಾಯಿಗಳಲ್ಲ. ಕೆಲವೊಮ್ಮೆ ಇಡೀ ಎಂಜಿನ್ನೇ. ಆದುದರಿಂದ ಉತ್ತರ ಹೇಳುವ ಮುನ್ನ, ಎಣ್ಣೆಯು ಎಂಜಿನ್ನಿನೊಳಗೆ ಏನು ಮಾಡುತ್ತದೆಂಬುದನ್ನು ವಿಚಾರಿಸೋಣ.

ಎಣ್ಣೆಯ ಮೇಲೆ ತೇಲುವ ದಂಡ

ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರನು ರೈಲು ಬಂಡಿಗಳ ಅಚ್ಚಿನ ಬೇರಿಂಗುಗಳ ಮೇಲೆ ನಡೆಸಿದ ಪ್ರಯೋಗಗಳ ವರದಿಯು 1883ರಲ್ಲಿ ಪ್ರಕಟವಾಯಿತು. ಎಣ್ಣೆ ಬಿಡುವುದಕ್ಕಾಗಿ ಅವನು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆದನು. ಅಚ್ಚು ತಿರುಗತೊಡಗಿದಾಗ ಎಣ್ಣೆಯು ಒಳಕ್ಕೆ ಇಳಿಯುವುದರ ಬದಲು ಆ ರಂಧ್ರದಿಂದ ಮೇಲಕ್ಕೆ ಉಕ್ಕಿತು. ಬಿರಡೆಯನ್ನು ಬಿಗಿದರೆ ಅದನ್ನೂ ಹೊರಕ್ಕೆ ತಳ್ಳಿತು. ತಿರುಗುವ ಅಚ್ಚು ಎಣ್ಣೆಯನ್ನು ತನ್ನೊಡನೆ ಎಳೆದುಕೊಂಡು ಇಕ್ಕಟ್ಟಾದ ಸಂದಿಗೆ ಬೆಣೆಯಂತೆ ನುಗ್ಗಿಸುವುದರಿಂದ ಅಲ್ಲಿ ದೊಡ್ಡ ಒತ್ತಡವು ಹುಟ್ಟುತ್ತದೆ. ಆ ಒತ್ತಡವೇ ಭಾರವನ್ನು ಹೊರುತ್ತದೆ. ಆಸ್ಬೋರ್ನ್ ರೆನಾಲ್ಡ್ಸನು 1886ರಲ್ಲಿ ಇದರ ಗಣಿತವನ್ನು ರೂಪಿಸಿದನು.

ನಮ್ಮ ಕಾರಿನ ಕ್ರ್ಯಾಂಕು ದಂಡವೂ ಇದೇ ರೀತಿ ತೇಲುತ್ತದೆ. ನಿಮಿಷಕ್ಕೆ 3000 ಸುತ್ತು, ಎಂದರೆ ಸೆಕೆಂಡಿಗೆ 50 ಸುತ್ತು ತಿರುಗುವಾಗಲೂ ದಂಡದ ಲೋಹವು ಬೇರಿಂಗಿನ ಲೋಹವನ್ನು ಮುಟ್ಟುವುದಿಲ್ಲ. ಎರಡರ ನಡುವೆ ಒಂದೆರಡು ಮೈಕ್ರೋಮೀಟರು ದಪ್ಪದ ಎಣ್ಣೆಯ ಪೊರೆಯಿರುತ್ತದೆ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರೋಮೀಟರು ಎಂಬುದನ್ನು ನೆನೆದರೆ ಈ ಪೊರೆಯ ತೆಳುವು ಮನಸ್ಸಿಗೆ ಹತ್ತೀತು.

ಪೊರೆಯು ನಿಲ್ಲಬೇಕಾದರೆ ದ್ರವಕ್ಕೆ ತಕ್ಕಷ್ಟು ಸ್ನಿಗ್ಧತೆ ಇರಬೇಕು. ಸ್ನಿಗ್ಧತೆಯೆಂದರೆ ಹರಿಯುವುದಕ್ಕೆ ದ್ರವವು ಒಡ್ಡುವ ತಡೆ. ಡಬ್ಬಿಯ ಮೇಲೆ ಕಾಣುವ ‘5ಡಬ್ಲ್ಯು-30’ ಎಂಬ ಗುರುತು ಇದನ್ನೇ ಸೂಚಿಸುತ್ತದೆ. ಮೊದಲ ಭಾಗವು ಚಳಿಯಲ್ಲಿ ಎಣ್ಣೆ ಹರಿಯುವ ಬಗೆಯನ್ನು, ಎರಡನೆಯದು ಬಿಸಿಯಲ್ಲಿ ಅದರ ಸ್ನಿಗ್ಧತೆಯ ದರ್ಜೆಯನ್ನು ತಿಳಿಸುತ್ತವೆ. 30ನೆಯ ದರ್ಜೆಯ ಎಣ್ಣೆಯು 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೂ ತಣ್ಣೀರಿಗಿಂತ ಸುಮಾರು ಹತ್ತು ಪಟ್ಟು ನಿಧಾನವಾಗಿ ಹರಿಯುತ್ತದೆ. ಸೀಮೆಎಣ್ಣೆಗೆ ಈ ಗುಣವಿಲ್ಲ. ಈ ಅಂಶವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಕೊಳೆಯು ಎಲ್ಲಿಂದ ಬರುತ್ತದೆ?

ಪೆಟ್ರೋಲಿನಲ್ಲಿ ಇಂಗಾಲ ಮತ್ತು ಜಲಜನಕಗಳಿವೆ. ಉರಿದಾಗ ಜಲಜನಕವು ನೀರಾಗುತ್ತದೆ. ಒಂದು ಲೀಟರು ಪೆಟ್ರೋಲು ಉರಿದರೆ ಹುಟ್ಟುವ ನೀರು ಎಷ್ಟು ಗೊತ್ತೇ? ಸುಮಾರು ಒಂದು ಲೀಟರು! ರಸಾಯನಶಾಸ್ತ್ರ ಓದುತ್ತಿರುವವರು ಆಕ್ಟೇನಿನ ಸಮೀಕರಣವನ್ನು ಬರೆದು ಇದನ್ನು ತಾವೇ ಪರೀಕ್ಷಿಸಬಹುದು. 114 ಗ್ರಾಂ ಆಕ್ಟೇನು ಉರಿದರೆ 162 ಗ್ರಾಂ ನೀರು ಬರುತ್ತದೆ. ಇದರ ಬಹುಪಾಲು ಹಬೆಯಾಗಿ ಹೊಗೆಕೊಳವೆಯಿಂದ ಹೊರಟುಹೋಗುತ್ತದೆ. ಆದರೆ ಸ್ವಲ್ಪ ಅನಿಲವು ಪಿಸ್ಟನ್ನಿನ ಬಳೆಗಳ ಸಂದಿಯಿಂದ ನುಸುಳಿ ಕೆಳಗಿನ ಎಣ್ಣೆಯನ್ನು ಸೇರುತ್ತದೆ. ಅದರೊಡನೆ ಮಸಿ, ಆಮ್ಲಗಳು ಮತ್ತು ಅರೆಬೆಂದ ಇಂಧನವೂ ಬರುತ್ತವೆ.

ದೂರ ಪ್ರಯಾಣದಲ್ಲಿ ಎಣ್ಣೆಯು ಚೆನ್ನಾಗಿ ಕಾಯುವುದರಿಂದ ನೀರು ಆವಿಯಾಗಿ ಹೋಗುತ್ತದೆ. ಮನೆಯಿಂದ ಮಾರುಕಟ್ಟೆಗೆ ಹೋಗಿ ಬರುವಷ್ಟೇ ಓಡುವ ಕಾರಿನ ಎಣ್ಣೆಗೆ ಆ ಅವಕಾಶವಿಲ್ಲ. ನೀರು ಅಲ್ಲಿಯೇ ಉಳಿದು ಮಸಿಯೊಡನೆ ಬೆರೆತು ರಾಡಿಯಾಗುತ್ತದೆ. ಕಡಿಮೆ ಓಡಿದ ಕಾರಿಗೂ ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಬೇಕೆಂದು ತಯಾರಕರು ಹೇಳುವುದಕ್ಕೆ ಇದೂ ಒಂದು ಕಾರಣ.

ಎಣ್ಣೆಯೊಳಗಿನ ಸಾಬೂನು

ಬಹಳ ಹಿಂದಿನ ಕೀಲೆಣ್ಣೆಗಳು ಬರಿಯ ಎಣ್ಣೆಗಳಾಗಿದ್ದುವು. ಅವುಗಳಲ್ಲಿ ಕೊಳೆಯು ತಳಕ್ಕಿಳಿದು ಗಸಿಯಾಗಿ ಅಂಟುತ್ತಿತ್ತು. ಆ ಕಾಲದಲ್ಲಿ ಎಂಜಿನ್ನನ್ನು ತೊಳೆಯುವುದಕ್ಕೆ ಅರ್ಥವಿತ್ತು. 1930ರ ದಶಕದಲ್ಲಿ ಡೀಸೆಲ್ ಎಂಜಿನ್ನುಗಳಿಗಾಗಿ ಕೊಳೆ ನಿವಾರಿಸುವ ದ್ರವ್ಯಗಳನ್ನು ಸೇರಿಸಿದ ಎಣ್ಣೆಗಳು ಬಂದುವು. ಇಂದಿನ ಎಣ್ಣೆಗಳಲ್ಲೆಲ್ಲ ಅಂಥ ದ್ರವ್ಯಗಳಿವೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಸಂಯುಕ್ತಗಳು ಆಮ್ಲವನ್ನು ಶಮನಗೊಳಿಸುತ್ತವೆ. ಮತ್ತೊಂದು ಬಗೆಯ ಅಣುಗಳ ತಲೆಯು ಮಸಿಯ ಕಣವನ್ನು ಹಿಡಿದುಕೊಳ್ಳುತ್ತದೆ. ಉದ್ದವಾದ ಬಾಲವು ಎಣ್ಣೆಯಲ್ಲಿ ಚಾಚಿಕೊಂಡಿರುತ್ತದೆ. ಹೀಗೆ ಸುತ್ತುವರಿಯಲ್ಪಟ್ಟ ಕಣಗಳು ಒಂದರೊಡನೊಂದು ಕೂಡಿ ಗಂಟಾಗಲಾರವು. ಬಟ್ಟೆಯ ಕೊಳೆಯನ್ನು ಸಾಬೂನು ನೀರಿನಲ್ಲಿ ತೇಲಿಸಿಡುವುದೂ ಇದೇ ತತ್ತ್ವದಿಂದ.

ಹಾಗಾದರೆ ಕಪ್ಪಾದ ಎಣ್ಣೆಯು ಕೆಟ್ಟ ಎಣ್ಣೆಯೇ? ಅಲ್ಲ. ಅದು ಕೊಳೆಯನ್ನು ತನ್ನಲ್ಲಿ ಎತ್ತಿಕೊಂಡಿರುವ ಎಣ್ಣೆ, ಎಂದರೆ ಕೆಲಸ ಮಾಡಿದ ಎಣ್ಣೆ. ಅದು ಹೊರಕ್ಕೆ ಹರಿದಾಗ ಕೊಳೆಯೂ ಅದರೊಡನೆ ಹೋಗುತ್ತದೆ. ಇದನ್ನು ಒಂದು ಸುಲಭ ಪ್ರಯೋಗದಿಂದ ನೋಡಬಹುದು. ಪ್ರಯೋಗಶಾಲೆಯ ಸೋಸುಕಾಗದದ ಮೇಲೆ ಹಳೆಯ ಎಣ್ಣೆಯ ಒಂದು ತೊಟ್ಟನ್ನು ಹಾಕಿ ಕೆಲವು ಗಂಟೆ ಬಿಡಿ. ಕಪ್ಪು ಬಣ್ಣವು ಹೊರಹೊರಕ್ಕೆ ಕ್ರಮವಾಗಿ ತಿಳಿಯಾಗುತ್ತ ಹರಡಿದರೆ ಎಣ್ಣೆಯ ತೇಲಿಸುವ ಶಕ್ತಿ ಇನ್ನೂ ಉಳಿದಿದೆ. ನಡುವೆ ಗಟ್ಟಿಯಾದ ಕಪ್ಪು ಬೊಟ್ಟು ನಿಂತು, ಸುತ್ತಲೂ ಬರಿಯ ಎಣ್ಣೆಯ ಕಲೆ ಮಾತ್ರ ಹರಡಿದರೆ ಆ ಶಕ್ತಿ ತೀರಿದೆ. ಎಣ್ಣೆ ಬದಲಾಯಿಸುವ ಕಾಲ ಮೀರಿದೆ.

ತೊಳೆದರೆ ಆಗುವುದೇನು?

ಈಗ ನಮ್ಮ ಪ್ರಶ್ನೆಗೆ ಬರೋಣ. ಒಂದು ಎಂಜಿನ್ನಿನಲ್ಲಿ 4 ಲೀಟರು ಎಣ್ಣೆಯಿದ್ದು, ಬಿಚ್ಚಿದಾಗ 3.6 ಲೀಟರು ಹೊರಬಂದಿತೆಂದು ಭಾವಿಸೋಣ. ಉಳಿದದ್ದು ಹತ್ತನೆಯ ಒಂದು ಪಾಲು. ಹೊಸ ಎಣ್ಣೆಯನ್ನು ತುಂಬಿದಾಗ ಹಳೆಯ ಕೊಳೆಯ ಪ್ರಮಾಣ ನೂರಕ್ಕೆ ಹತ್ತಕ್ಕೆ ಇಳಿಯಿತು. ಆ ಹತ್ತನ್ನು ಹೊಸ ಎಣ್ಣೆಯ ಶೋಧಕ ದ್ರವ್ಯಗಳು ನಿರಾಯಾಸವಾಗಿ ಹೊರಬಲ್ಲವು. ಸೀಮೆಎಣ್ಣೆಯಿಂದ ತೊಳೆದರೂ ಇದೇ ಲೆಕ್ಕ ಅನ್ವಯಿಸುತ್ತದೆ. ಹತ್ತನೆಯ ಒಂದು ಪಾಲು ಸೀಮೆಎಣ್ಣೆಯು ಒಳಗೆ ಉಳಿದು ಹೊಸ ಎಣ್ಣೆಯ ಸ್ನಿಗ್ಧತೆಯನ್ನು ತಗ್ಗಿಸುತ್ತದೆ. ಅಲ್ಲದೆ ತೊಳೆಯುವಷ್ಟು ಹೊತ್ತೂ ಬೇರಿಂಗುಗಳು ನೀರಿನಂಥ ದ್ರವವನ್ನು ನೆಚ್ಚಿಕೊಂಡು ತಿರುಗಬೇಕಾಗುತ್ತದೆ. ಆದುದರಿಂದ ಸೀಮೆಎಣ್ಣೆ, ಡೀಸೆಲುಗಳನ್ನು ಸುರಿಯುವ ವಾಡಿಕೆಯನ್ನು ಸಂಪೂರ್ಣವಾಗಿ ಕೈಬಿಡಬೇಕು.

ಅಂಗಡಿಯ ಫ್ಲಶ್ ದ್ರವವು ಇಷ್ಟು ಒರಟಲ್ಲ. ಅದನ್ನು ಹಳೆಯ ಎಣ್ಣೆಗೆ ಬೆರೆಸಿ, ಕಾರನ್ನು ನಿಲ್ಲಿಸಿದಂತೆಯೇ ಎಂಜಿನ್ನನ್ನು ಕೆಲವು ನಿಮಿಷ ನಡೆಸಿ, ಎಲ್ಲವನ್ನೂ ಹೊರಕ್ಕೆ ಬಿಡುತ್ತಾರೆ. ಕಾಲಕಾಲಕ್ಕೆ ಎಣ್ಣೆ ಬದಲಾಯಿಸಿದ ಎಂಜಿನ್ನಿನಲ್ಲಿ ಅದಕ್ಕೆ ಮಾಡಲು ಹೆಚ್ಚಿನ ಕೆಲಸವೇ ಇರುವುದಿಲ್ಲ. ವರ್ಷಗಟ್ಟಲೆ ಅಲಕ್ಷಿಸಿದ ಎಂಜಿನ್ನಿನಲ್ಲಿಯಾದರೋ ಕೆಲಸವಿದೆ, ಅಪಾಯವೂ ಇದೆ. ಗಟ್ಟಿಯಾದ ರಾಡಿಯು ಒಮ್ಮೆಲೆ ಕರಗದೆ ಚೂರುಚೂರಾಗಿ ಕಳಚಿಕೊಳ್ಳಬಹುದು. ಎಣ್ಣೆಯನ್ನು ಮೇಲಕ್ಕೆ ಹೀರುವ ಪಂಪಿನ ಬಾಯಿಗೆ ಒಂದು ಜಾಲರಿ ಇರುತ್ತದೆ. ಫಿಲ್ಟರು ಇರುವುದು ಪಂಪಿನ ಆಚೆಗೆ. ಆದ್ದರಿಂದ ಅದು ಈ ಜಾಲರಿಯನ್ನು ಕಾಪಾಡಲಾರದು. ಕಳಚಿದ ಚೂರುಗಳು ಜಾಲರಿಯನ್ನು ಮುಚ್ಚಿದರೆ ಎಣ್ಣೆಯ ಒತ್ತಡವು ಕುಸಿಯುತ್ತದೆ, ಪೊರೆಯು ಹರಿಯುತ್ತದೆ, ಲೋಹಕ್ಕೆ ಲೋಹ ತಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಎಂಜಿನ್ನು ಕಚ್ಚಿಕೊಂಡು ನಿಂತೀತು. ಜುಲಾಬು ಆರೋಗ್ಯವಂತನಿಗೆ ಬೇಕಿಲ್ಲ, ನಿತ್ರಾಣನಾದ ಮುದುಕನಿಗೆ ತಡೆಯದು. ಫ್ಲಶ್‌ನ ವಿಷಯವೂ ಹಾಗೆಯೇ.

ಹಾಗಾದರೆ ಪೂರ್ವಾಪರ ತಿಳಿಯದ ಹಳೆಯ ಕಾರನ್ನು ಕೊಂಡವರು ಏನು ಮಾಡಬೇಕು? ಒಳ್ಳೆಯ ಎಣ್ಣೆಯನ್ನೂ ಹೊಸ ಫಿಲ್ಟರನ್ನೂ ಹಾಕಿ, ಸಾವಿರ ಕಿಲೋಮೀಟರು ಓಡಿಸಿ ಮತ್ತೆ ಬದಲಾಯಿಸುವುದು. ಹೀಗೆ ಎರಡು ಮೂರು ಬಾರಿ ಮಾಡುವುದು ಸೌಮ್ಯವಾದ ಮಾರ್ಗ. ನೂರು ಪಾಲಿದ್ದ ಹಳೆಯ ಎಣ್ಣೆ ಮೊದಲ ಬಾರಿಗೆ ಹತ್ತು, ಎರಡನೆಯ ಬಾರಿಗೆ ಒಂದು, ಮೂರನೆಯ ಬಾರಿಗೆ ಹತ್ತನೆಯ ಒಂದು ಪಾಲಾಗುತ್ತದೆ. ಅಂಟಿದ ರಾಡಿಯೂ ಮೆಲ್ಲಮೆಲ್ಲನೆ ಕರಗುತ್ತದೆ. ಎಣ್ಣೆ ಸುರಿಯುವ ಮುಚ್ಚಳವನ್ನು ತೆಗೆದಾಗ ಡಾಂಬರಿನಂಥ ದಪ್ಪ ಪದರವು ಕಂಡರೆ, ಬಲ್ಲ ಮೆಕ್ಯಾನಿಕ್ಕಿನಿಂದ ತಳದ ತೊಟ್ಟಿಯನ್ನು ಬಿಚ್ಚಿಸಿ, ಜಾಲರಿಯನ್ನು ಕೈಯಿಂದಲೇ ಶುಚಿಮಾಡಿಸುವುದು ಲೇಸು. ರೇಡಿಯೇಟರಿನ ನೀರು ಎಣ್ಣೆಯಲ್ಲಿ ಬೆರೆತಿದ್ದರೆ ಅಥವಾ ತಪ್ಪು ದ್ರವವನ್ನು ಸುರಿದಿದ್ದರೆ ಮಾತ್ರ, ದೋಷವನ್ನು ಸರಿಪಡಿಸಿದ ಬಳಿಕ ತೊಳೆಯುವುದು ಅಗತ್ಯವಾಗಬಹುದು.

ಮನೆಯಲ್ಲಿ ಮಾಡುವ ಕ್ರಮ

ಕಾರನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಎಂಜಿನ್ನನ್ನು ಕೆಲವು ನಿಮಿಷ ನಡೆಸಬೇಕು. ಬೆಚ್ಚಗಾದ ಎಣ್ಣೆಯ ಸ್ನಿಗ್ಧತೆ ಕಡಿಮೆಯಾಗಿ ಅದು ಕೊಳೆಯೊಡನೆ ಚೆನ್ನಾಗಿ ಹರಿದುಬರುತ್ತದೆ. ಕೈ ಸುಡುವಷ್ಟು ಬಿಸಿ ಬೇಡ. ಕಾರನ್ನು ಎತ್ತಬೇಕಾದರೆ ನೆಲದಲ್ಲಿರುವ ಚಕ್ರಗಳಿಗೆ ಅಡೆಕೊಟ್ಟು, ಎತ್ತಿದ ಭಾಗದ ಕೆಳಗೆ ಭದ್ರವಾದ ಸ್ಟ್ಯಾಂಡುಗಳನ್ನು ಇಡಬೇಕು. ಬರಿಯ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಎಂದಿಗೂ ನುಸುಳಕೂಡದು, ಪ್ರಾಣಕ್ಕೇ ಸಂಚಕಾರ.

ಎಣ್ಣೆಯ ಧಾರೆ ಮುಗಿದ ಬಳಿಕವೂ ತೊಟ್ಟಿಕ್ಕುವಷ್ಟು ಹೊತ್ತು ಬಿಡಬೇಕು. ಈ ತಾಳ್ಮೆಯೇ ನಿಜವಾದ ತೊಳೆಯುವಿಕೆ. ಬೋಲ್ಟಿಗೆ ಹೊಸ ವಾಷರನ್ನು ಹಾಕಿ ತಕ್ಕಷ್ಟೇ ಬಿಗಿಯಬೇಕು. ಹೊಸ ಫಿಲ್ಟರಿನ ರಬ್ಬರು ಬಳೆಗೆ ಎಣ್ಣೆ ಸವರಿ ಕೈಯಿಂದಲೇ ತಿರುಗಿಸಿ ಕೂರಿಸಬೇಕು. ಹಳೆಯ ಬಳೆಯು ಎಂಜಿನ್ನಿಗೆ ಅಂಟಿಕೊಂಡು ಉಳಿದಿಲ್ಲವೆಂದು ಮೊದಲೇ ನೋಡಿಕೊಳ್ಳಬೇಕು. ತಯಾರಕರ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನು ಸುರಿದು, ಎಂಜಿನ್ನನ್ನು ಒಂದು ನಿಮಿಷ ನಡೆಸಿ ನಿಲ್ಲಿಸಿ, ಸ್ವಲ್ಪ ಹೊತ್ತಿನ ನಂತರ ಅಳತೆಗೋಲನ್ನು ನೋಡಬೇಕು. ಎಣ್ಣೆಯು ಮೇಲಿನ ಗುರುತನ್ನು ಮೀರಬಾರದು. ಹೆಚ್ಚಾದರೆ ಕ್ರ್ಯಾಂಕು ದಂಡವು ಅದನ್ನು ಕಡೆದು ನೊರೆಯಾಗಿಸೀತು. ಗಾಳಿ ತುಂಬಿದ ನೊರೆಯು ಭಾರವನ್ನು ಹೊರಲಾರದು.

ಹಳೆಯ ಎಣ್ಣೆಯ ಗತಿ

ಬಳಸಿದ ಎಣ್ಣೆಯು ಚರ್ಮಕ್ಕೆ ಮತ್ತೆ ಮತ್ತೆ ತಾಗುತ್ತಿದ್ದರೆ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಆದ್ದರಿಂದ ಕೈಗವಸನ್ನು ಧರಿಸಬೇಕು. ಭಾರತದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಈ ಎಣ್ಣೆಯೂ ಸೇರುತ್ತದೆ. ಅದನ್ನು ಚರಂಡಿಗೆ ಸುರಿದರೇನಾಗುತ್ತದೆ? ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಎಂಜಿನ್ನಿನಲ್ಲಿ ದಂಡವನ್ನು ತೇಲಿಸಿದ ಪೊರೆಯಂತೆಯೇ 4 ಲೀಟರು ಎಣ್ಣೆಯು ಒಂದು ಮೈಕ್ರೋಮೀಟರು ದಪ್ಪವಾಗಿ ಕೆರೆಯ ನೀರಿನ ಮೇಲೆ ಹರಡಿದರೆ 4000 ಚದರ ಮೀಟರನ್ನು, ಎಂದರೆ ಹೆಚ್ಚು ಕಡಿಮೆ ಒಂದು ಎಕರೆಯನ್ನು ಆವರಿಸುತ್ತದೆ. ಅಂಥ ಪೊರೆಯು ನೀರಿಗೂ ಗಾಳಿಗೂ ನಡುವೆ ಅಡ್ಡಬಂದು ಜಲಚರಗಳನ್ನು ಬಾಧಿಸುತ್ತದೆ. ಆದುದರಿಂದ ಹಳೆಯ ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಅದನ್ನು ಶುದ್ಧೀಕರಣಕ್ಕೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು. ಎಂಜಿನ್ನಿನ ಶುಚಿಗಾಗಿ ಕೆರೆಯನ್ನು ಕೆಡಿಸಿದರೆ ಮಾಡಿದ ಕೆಲಸವು ಅರ್ಧಕ್ಕೆ ನಿಂತಂತೆಯೇ ಸರಿ.