ಸಂಬಳ ಬಾಕಿ, ಕ್ಲಬ್ ಎತ್ತಂಗಡಿ

ಕಾರ್ಖಾನೆ ಕಬ್ಬು ನುರಿಸಿ ಬಿಲ್ ಬಾಕಿ ಇಟ್ಟರೆ ಏನಾಗುತ್ತೆ ಅಂತ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಜನರಿಗೆ ನಾನು ಹೇಳಿಕೊಡಬೇಕಿಲ್ಲ. ಅದೇ ರೋಗ ಫುಟ್‌ಬಾಲ್ ಕ್ಲಬ್ಬಿಗೂ ಬರುತ್ತೆ.

ನಿಪ್ಪಾಣಿಯಲ್ಲಿ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಪುಣೆಯ ಬಾಲೇವಾಡಿ ಮೈದಾನ ಸಿಗುತ್ತೆ. 2014ರಿಂದ ಅಲ್ಲಿ ಎಫ್‌ಸಿ ಪುಣೆ ಸಿಟಿ ಇತ್ತು. 2018ರ ಮಾರ್ಚ್‌ನಲ್ಲಿ ಐಎಸ್‌ಎಲ್ ಸೆಮಿಫೈನಲ್‌ವರೆಗೂ ಬಂತು. ಸುನಿಲ್ ಛೆಟ್ರಿ ಕಂಠೀರವದಲ್ಲಿ ಹ್ಯಾಟ್ರಿಕ್ ಹೊಡೆದು ಮನೆಗೆ ಕಳಿಸಿದರು. ಮುಂದಿನ ಸೀಸನ್‌ನಲ್ಲಿ ಮೂರೇ ಪಂದ್ಯಕ್ಕೆ ಕೋಚ್ ಹೊರಗೆ, ಕೊನೆಗೆ ಏಳನೇ ಸ್ಥಾನ. 2019ರಲ್ಲಿ ಹಣದ ಮುಗ್ಗಟ್ಟಿಗೆ ಕ್ಲಬ್ಬೇ ಮುಚ್ಚಿತು. ಲೀಗ್‌ನಲ್ಲಿ ಅದಕ್ಕಿದ್ದ ಜಾಗವನ್ನು ಹೊಸ ಮಾಲೀಕರು ಹೈದರಾಬಾದ್‌ಗೆ ಒಯ್ದರು. ಗಮನಿಸಿ, ಹೋಗಿದ್ದು ಆ ಜಾಗ ಮತ್ತು ಕೆಲವು ಆಟಗಾರರು. ಗ್ಯಾಲರಿಯಲ್ಲಿ ಕೂಗುತ್ತಿದ್ದವರು ಪುಣೆಯಲ್ಲೇ ಉಳಿದರು.

ಹೈದರಾಬಾದ್ ಎಫ್‌ಸಿ ಮೊದಲ ವರ್ಷ ಕಟ್ಟಕಡೆಗೆ ನಿಂತಿತು. 2022ರಲ್ಲಿ ಚಾಂಪಿಯನ್! ಆಮೇಲೆ ಮತ್ತೆ ಅದೇ ಹಾಡು. 2023-24ರಲ್ಲಿ ಸಂಬಳ ಬಾಕಿ, ವಿದೇಶಿ ಆಟಗಾರರು ಒಬ್ಬೊಬ್ಬರಾಗಿ ಹೊರಟರು, ಹೊಸಬರ ನೋಂದಣಿಗೆ ಫಿಫಾ ತಡೆ ಹಾಕಿತು. ಉಳಿದವರು, ಬಹುಪಾಲು ಎಳೆಯ ಹುಡುಗರು, 22 ಪಂದ್ಯ ಆಡಿ ಒಂದೇ ಒಂದು ಗೆದ್ದರು. ಎಲ್ಲರೂ ನಕ್ಕರು. ನನಗಂತೂ ಆ ಹುಡುಗರ ಮೇಲೆ ಗೌರವ ಬಂತು. ದುಡ್ಡು ಬರುತ್ತೋ ಇಲ್ಲವೋ ಗೊತ್ತಿಲ್ಲದೆ ಪ್ರತಿ ವಾರ ಸೋಲೋಕೆ ಮೈದಾನಕ್ಕಿಳಿಯೋದು ಸಣ್ಣ ಮಾತಲ್ಲ. 2024ರಲ್ಲಿ ಮಾಲೀಕರು ಬದಲಾದರು, 2025ರಲ್ಲಿ ಊರೂ ಬದಲಾಯ್ತು. ಈಗ ಅದು ಸ್ಪೋರ್ಟಿಂಗ್ ಕ್ಲಬ್ ದಿಲ್ಲಿ. ತಮಾಷೆ ನೋಡಿ, ದಿಲ್ಲಿಗೆ ಮೊದಲಿದ್ದ ತಂಡ 2019ರಲ್ಲೇ ಭುವನೇಶ್ವರಕ್ಕೆ ಹೋಗಿತ್ತು.

ಯಾಕೆ ಹೀಗೆ? ಟಿಕೆಟ್ ದುಡ್ಡಿನಲ್ಲಿ ಐಎಸ್‌ಎಲ್ ತಂಡ ನಡೆಯಲ್ಲ. ಪ್ರಾಯೋಜಕರು, ಪ್ರಸಾರ ಹಕ್ಕಿನ ಪಾಲು, ಉಳಿದದ್ದು ಮಾಲೀಕರ ಜೇಬು. ಆ ಜೇಬು ಹರಿದ ದಿನ ತಂಡ ಮಾರಾಟದ ಸರಕು.

ನಿಪ್ಪಾಣಿಯಿಂದ ತಾಸಿನ ದಾರಿ ಕೊಲ್ಹಾಪುರ. ಅಲ್ಲಿ ಪಾಟಾಕಡೀಲ್, ದಿಲ್‌ಬಹಾರ್ ಅಂತ ತಾಲೀಮು ಮಂಡಳಗಳೇ ಫುಟ್‌ಬಾಲ್ ತಂಡಗಳು. ಪೇಟೆಯ ಹುಡುಗರು, ಪೇಟೆಯ ಜಗಳ, ಶಾಹೂ ಸ್ಟೇಡಿಯಂ ತುಂಬ ಜನ. ಅವರಿಗೂ ದುಡ್ಡಿನ ತಾಪತ್ರಯ ಇದ್ದದ್ದೇ. ಆದರೆ ಆ ಹೆಸರನ್ನ ಕೊಂಡು ಯಾರೂ ಹೈದರಾಬಾದ್‌ಗೆ ಒಯ್ಯಲಾರರು.

ನಮ್ಮ ಬೆಂಗಳೂರು ಎಫ್‌ಸಿ? ಲೀಗ್ ನಡೆಸೋ ಒಪ್ಪಂದವೇ ಅತಂತ್ರವಾಗಿ 2025ರ ಆಗಸ್ಟ್‌ನಲ್ಲಿ ಅದು ಮೊದಲ ತಂಡದ ಆಟಗಾರರು, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಆವತ್ತು ನಮ್ಮ ಬುಲೆಟಿನ್‌ನಲ್ಲಿ ಆ ಸುದ್ದಿಗೆ ಸಿಕ್ಕಿದ್ದು ಹದಿನೈದು ಸೆಕೆಂಡು. ಓದಿದವನು ನಾನೇ.