ಅಂಗಳದ ಗಿಡ ಕಕ್ಕೆಯೋ, ಅಲ್ಲವೋ?

ಕಳೆದ ತಿಂಗಳು ಸದಸ್ಯರೊಬ್ಬರು ಹಳದಿ ಹೂವಿನ ಕೊಂಬೆಯೊಂದನ್ನು ಸಂಘದ ಕಚೇರಿಗೆ ತಂದಿದ್ದರು. ನೆಂಟರು ಕೊಟ್ಟ ಬೀಜವನ್ನು ಕಕ್ಕೆಯೆಂದು ನಂಬಿ ಅಂಗಳದಲ್ಲಿ ಹಾಕಿದ್ದರಂತೆ. ಗಿಡ ಬೇಗ ಎದ್ದು ಹೂ ಬಿಟ್ಟಿದೆ. ಇದನ್ನೇ ಕಾಫಿಗೆ ನೆರಳಾಗಿ ನೆಡಬಹುದೇ ಎಂಬುದು ಅವರ ಪ್ರಶ್ನೆ. ನೋಡಿದೊಡನೆ ನಾವೂ ಕಕ್ಕೆ ಎಂದೇ ಹೇಳಿದೆವು. ಎಲೆ ಎಣಿಸಿದಾಗ ನಮ್ಮ ತಪ್ಪು ತಿಳಿಯಿತು. ಅದು ಅಮೆರಿಕದ ಉಷ್ಣ ಸೀಮೆಯಿಂದ ಬಂದ ಸೆನ್ನಾ ಸ್ಪೆಕ್ಟಾಬಿಲಿಸ್.

ಗುರುತು ಹೀಗೆ: ಕಕ್ಕೆಯ ಹೂಗೊಂಚಲು ಕೆಳಕ್ಕೆ ಜೋಲುತ್ತದೆ, ಇದರದು ಕೊಂಬೆಯ ತುದಿಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಕಕ್ಕೆಯ ಎಲೆಕಡ್ಡಿಯಲ್ಲಿ ನಾಲ್ಕರಿಂದ ಎಂಟು ಜೊತೆ ಅಗಲವಾದ ಎಲೆಗಳು. ಇದರಲ್ಲಿ ಸಾಮಾನ್ಯವಾಗಿ ಹತ್ತಕ್ಕೂ ಮೇಲ್ಪಟ್ಟು, ಕಿರಿದಾದ ಚೂಪು ತುದಿಯ ಎಲೆಗಳು. ಕಕ್ಕೆ ಹೂವಿನಲ್ಲಿ ಬಾಗಿದ ಮೂರು ಉದ್ದನೆಯ ಕೇಸರಗಳುಂಟು, ಇದರಲ್ಲಿಲ್ಲ. ರಸ್ತೆಬದಿಯ ಸೀಮೆತಂಗಡಿಯ ಗೊಂಚಲೂ ನೆಟ್ಟಗಿರುವುದಾದರೂ ಅದರ ಕಾಯಿ ಚಪ್ಪಟೆ, ಇದರದು ಕೋಲಿನಂತೆ ಉರುಟು. ಎಳೆಯ ಸಸಿಯ ಮೊದಲ ಎಲೆಗಳನ್ನು ಎಣಿಸಿ ತೀರ್ಮಾನಿಸಬಾರದು; ಅವುಗಳಲ್ಲಿ ಜೊತೆಗಳು ಕಡಿಮೆ.

ಹೆಸರು ತಿಳಿಯುವುದು ಬರಿಯ ಕುತೂಹಲಕ್ಕಲ್ಲ. 1980ರ ದಶಕದಲ್ಲಿ ವಯನಾಡಿನಲ್ಲಿ ನೆಟ್ಟ ಈ ಮರ ಅಲ್ಲಿನ ಕಾಡನ್ನು ವ್ಯಾಪಿಸಿತು. ನಮ್ಮ ಬಂಡೀಪುರ, ನಾಗರಹೊಳೆಗಳಲ್ಲಿಯೂ ಹಬ್ಬಿದೆ. ಇದರ ದಟ್ಟಣೆಯ ಅಡಿಯಲ್ಲಿ ಹುಲ್ಲಾಗಲಿ, ಕಾಡುಸಸಿಗಳಾಗಲಿ ಮೇಲೇಳುವುದು ಕಷ್ಟ. ದ್ವಿದಳ ಜಾತಿಯಾದರೂ ಇದರ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ. ಆದ್ದರಿಂದ ಹಾಲಿವಾಣದಂತೆ ಮಣ್ಣಿಗೆ ಸಾರಜನಕ ಕೊಡದು.

ಗಿಡ ಇದೇ ಎಂದು ಖಚಿತವಾದರೆ ಬುಡ ಕಡಿದು ಸುಮ್ಮನಾಗಬೇಡಿ. ಒಂದು ಕೊರಡಿನಿಂದ ಹಲವು ಚಿಗುರು ಎದ್ದೀತು. ಎಳೆಯ ಗಿಡವನ್ನು ಮಳೆಗಾಲದಲ್ಲಿ, ಮಣ್ಣು ಸಡಿಲವಿರುವಾಗ, ಬೇರುಸಹಿತ ಕೀಳಬೇಕು. ಬೆಳೆದ ಮರವಾದರೆ ಎದೆಯೆತ್ತರದಿಂದ ನೆಲದವರೆಗೆ ಸುತ್ತಲೂ ತೊಗಟೆ ಪೂರ್ತಿ ಸುಲಿದು, ಬರುವ ಚಿಗುರನ್ನು ಆಗಾಗ ತೆಗೆಯುತ್ತಿದ್ದರೆ ನಿಂತಲ್ಲೇ ಒಣಗುತ್ತದೆ. ಈ ಕೆಲಸ ಕಾಯಿ ಬಲಿಯುವ ಮೊದಲೇ ಆಗಬೇಕು. ಬೀಜ ಉದುರಿದ ಜಾಗವನ್ನು ಮುಂದಿನ ಮಳೆಗಾಲಗಳಲ್ಲಿಯೂ ನೋಡುತ್ತಿರಬೇಕು.

ನಮ್ಮ ಸದಸ್ಯರು ಮರುದಿನವೇ ಕತ್ತಿ ಹಿಡಿದರು. ಅಂಗಳ ಬೋಳಾಯಿತೆಂದು ಮನೆಯವರಿಗೆ ಬೇಸರವಾದದ್ದು ನಿಜ. ಅಲ್ಲಿಗೆ ಈ ಸಲ ನಿಜವಾದ ಕಕ್ಕೆ ಸಸಿಯನ್ನೇ ಕೊಡುವುದಾಗಿ ನಾವು ಒಪ್ಪಿದ್ದೇವೆ. ಹೆಸರರಿಯದ ಬೀಜದಿಂದ ಎದ್ದ ಗಿಡ ನಿಮ್ಮಲ್ಲಿಯೂ ಇದ್ದರೆ, ತೋಟಕ್ಕೆ ಇಳಿಸುವ ಮೊದಲು ಎಲೆ, ಹೂ, ಕಾಯಿ ಮೂರೂ ಇರುವ ಕೊಂಬೆಯನ್ನು ಕಚೇರಿಗೆ ತನ್ನಿ, ಕೂಡಿ ನೋಡೋಣ.